ಸಮುದ್ರದ ತಳದಲ್ಲಿರುವ ಯುದ್ಧನೌಕೆ ಕಳುವಾಗುವುದು ಹೇಗೆ? ಕಾಯಬೇಕಾದವರು ಯಾರು?

2023ರ ಮೇ ಕೊನೆಯಲ್ಲಿ ಮಲೇಷ್ಯಾದ ಕಡಲ ಕಾವಲು ಪಡೆ ಜೊಹೊರ್ ಕರಾವಳಿಯ ಹತ್ತಿರ ಚೀನಾದ ಒಂದು ಹಡಗನ್ನು ತಡೆದು ನಿಲ್ಲಿಸಿತು. ಹೆಸರು ಚುವಾನ್ ಹಾಂಗ್ 68. ಅನುಮತಿ ಇಲ್ಲದೆ ಲಂಗರು ಹಾಕಿದೆ ಎಂಬುದು ಮೊದಲ ಆರೋಪ. ಒಳಗೆ ಹೋಗಿ ನೋಡಿದರೆ ತುಕ್ಕು ಹಿಡಿದ ಲೋಹದ ರಾಶಿ, ಹಳೆಯ ಫಿರಂಗಿಗಳ ಸಿಡಿಗುಂಡುಗಳು, ಅಂದರೆ ಷೆಲ್‌ಗಳು. ಅದೇ ತಿಂಗಳು ಜೊಹೊರ್‌ನ ಒಂದು ಗುಜರಿ ಅಂಗಳದಲ್ಲೂ ಎರಡನೇ ಮಹಾಯುದ್ಧದ ಕಾಲದ ಷೆಲ್‌ಗಳು ಸಿಕ್ಕಿದ್ದವು. ಇವೆಲ್ಲ 1941ರ ಡಿಸೆಂಬರ್‌ನಲ್ಲಿ ಮುಳುಗಿದ ಬ್ರಿಟಿಷ್ ಯುದ್ಧನೌಕೆಗಳಾದ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್‌ಗಳದ್ದು ಎಂಬ ಅನುಮಾನ ಎದ್ದಿತು. ಆ ಎರಡು ಹಡಗುಗಳ ಜೊತೆ 800ಕ್ಕೂ ಹೆಚ್ಚು ನಾವಿಕರು ಸತ್ತಿದ್ದರು.

ಈ ಸುದ್ದಿ ಆಸ್ಟ್ರೇಲಿಯಾದವರಿಗೆ ಹೊಸದಲ್ಲ. ಅವರದೇ ಕ್ರೂಸರ್ (ಮಧ್ಯಮ ಗಾತ್ರದ ವೇಗದ ಯುದ್ಧನೌಕೆ) ಎಚ್‌ಎಂಎಎಸ್ ಪರ್ತ್ ಇಂಡೋನೇಷ್ಯಾದ ಜಾವಾ ದ್ವೀಪದ ತುದಿಯಲ್ಲಿ ಹೀಗೆಯೇ ತುಂಡು ತುಂಡಾಗಿ ಮಾಯವಾಗಿದೆ. 2017ರಲ್ಲಿ ಆಸ್ಟ್ರೇಲಿಯಾ ಮತ್ತು ಇಂಡೋನೇಷ್ಯಾದ ತಜ್ಞರು ಜೊತೆಯಾಗಿ ಮುಳುಗಿ ನೋಡಿದಾಗ ಉಳಿದಿದ್ದು ಹಡಗಿನ ಶೇ 40ಕ್ಕಿಂತ ಕಡಿಮೆ ಭಾಗ.

ಓದಿದವರಿಗೆ ಗೊಂದಲವಾಗುವುದು ಸಹಜ. ಸಾವಿರಾರು ಟನ್ ತೂಕದ ಹಡಗನ್ನು ಯಾರ ಕಣ್ಣಿಗೂ ಬೀಳದೆ ಹೊತ್ತುಕೊಂಡು ಹೋಗುವುದು ಹೇಗೆ? ಅದು ಆಸ್ಟ್ರೇಲಿಯಾದ ಆಸ್ತಿಯಾದರೆ ಆಸ್ಟ್ರೇಲಿಯಾ ಯಾಕೆ ತಡೆಯಲಿಲ್ಲ? ಇಂಡೋನೇಷ್ಯಾದ ಕಡಲಾದರೆ ಇಂಡೋನೇಷ್ಯಾ ಏನು ಮಾಡುತ್ತಿತ್ತು? ಒಂದೊಂದಾಗಿ ನೋಡೋಣ.

ಪರ್ತ್ ಮುಳುಗಿದ ರಾತ್ರಿ

ಪರ್ತ್ ಹುಟ್ಟಿದ್ದು ಬ್ರಿಟನ್ನಿನಲ್ಲಿ. 1936ರಲ್ಲಿ ಆಂಫಿಯನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ನೌಕಾಪಡೆ ಸೇರಿದ ಈ ಲಘು ಕ್ರೂಸರ್ 1939ರಲ್ಲಿ ಆಸ್ಟ್ರೇಲಿಯಾದ ಪಾಲಾಯಿತು, ಹೆಸರೂ ಬದಲಾಯಿತು. ಸುಮಾರು 170 ಮೀಟರ್ ಉದ್ದ. ಎರಡೆರಡರಂತೆ ನಾಲ್ಕು ಟರೆಟ್‌ಗಳಲ್ಲಿ (ತಿರುಗುವ ಫಿರಂಗಿ ಗೋಪುರಗಳಲ್ಲಿ) 6 ಇಂಚಿನ ಎಂಟು ಫಿರಂಗಿಗಳು. ವಿಮಾನಗಳನ್ನು ಹೊಡೆಯಲು 4 ಇಂಚಿನ ಫಿರಂಗಿಗಳು. ಜೊತೆಗೆ ನೀರಿನಡಿ ಸಾಗಿ ಬಡಿಯುವ ಟಾರ್ಪೆಡೊಗಳನ್ನು ಹಾರಿಸಲು ಎಂಟು ಕೊಳವೆಗಳು.

1942ರ ಫೆಬ್ರುವರಿ 27ರಂದು ಜಾವಾ ಸಮುದ್ರದ ಕಾಳಗ ನಡೆಯಿತು. ಡಚ್ ಅಡ್ಮಿರಲ್ ಕರೆಲ್ ಡೋರ್ಮನ್ ನೇತೃತ್ವದ ಮಿತ್ರಪಡೆ ಜಪಾನಿನ ಎದುರು ಸೋತಿತು. ಡೋರ್ಮನ್ ತಮ್ಮ ಹಡಗಿನ ಜೊತೆಗೇ ಮುಳುಗಿ ಸತ್ತರು. ಪರ್ತ್ ಮತ್ತು ಅಮೆರಿಕದ ಕ್ರೂಸರ್ ಹ್ಯೂಸ್ಟನ್ ಪಾರಾಗಿ ಈಗಿನ ಜಕಾರ್ತಾದ ಬಂದರಾದ ತಂಜುಂಗ್ ಪ್ರಿಯೊಕ್‌ಗೆ ಬಂದವು. ಅಲ್ಲಿ ಬೇಕಾದಷ್ಟು ಇಂಧನ ಸಿಗಲಿಲ್ಲ. 6 ಇಂಚಿನ ಷೆಲ್ ಅಂತೂ ಇರಲೇ ಇಲ್ಲ. ಜಾವಾ ಮತ್ತು ಸುಮಾತ್ರಾ ನಡುವಿನ ಸುಂಡಾ ಜಲಸಂಧಿ ದಾಟಿ ತಪ್ಪಿಸಿಕೊಳ್ಳುವುದೊಂದೇ ದಾರಿಯಾಗಿತ್ತು.

ಫೆಬ್ರುವರಿ 28ರ ರಾತ್ರಿ ಹನ್ನೊಂದರ ಹೊತ್ತಿಗೆ ಈ ಎರಡೂ ಹಡಗುಗಳು ಜಾವಾದ ವಾಯುವ್ಯ ತುದಿಯ ಬಾಂಟೆನ್ ಕೊಲ್ಲಿಯ ಬಳಿ ಜಪಾನಿನ ದಾಳಿ ಪಡೆಯ ನಡುವೆ ಸಿಕ್ಕಿಬಿದ್ದವು. ಸೈನಿಕರನ್ನು ಇಳಿಸುತ್ತಿದ್ದ ಸಾಗಣೆ ಹಡಗುಗಳು ಒಂದು ಕಡೆ, ಅವುಗಳನ್ನು ಕಾಯುತ್ತಿದ್ದ ಕ್ರೂಸರ್‌ಗಳು ಮತ್ತು ಅವಕ್ಕಿಂತ ಚಿಕ್ಕ ಯುದ್ಧನೌಕೆಗಳಾದ ಡೆಸ್ಟ್ರಾಯರ್‌ಗಳು ಇನ್ನೊಂದು ಕಡೆ. ಪರ್ತ್‌ನಲ್ಲಿ ಇದ್ದ ಷೆಲ್‌ಗಳೆಲ್ಲ ಮುಗಿದ ಮೇಲೆ ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಷೆಲ್‌ಗಳನ್ನು ಹೊಡೆದರು. ಅವೂ ಮುಗಿದವು. ಕೊನೆಗೆ ಕತ್ತಲಲ್ಲಿ ಬೆಳಕು ಬೀರುವ ಸ್ಟಾರ್ ಷೆಲ್‌ಗಳನ್ನೇ ಹೊಡೆದರು. ನಾಲ್ಕು ಟಾರ್ಪೆಡೊ ಬಡಿದ ಮೇಲೆ, ಮಾರ್ಚ್ 1ರ ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ ಪರ್ತ್ ಮುಳುಗಿತು. ಹ್ಯೂಸ್ಟನ್ ಕೂಡ ಅದರ ಹಿಂದೆಯೇ ಹೋಯಿತು.

ಪರ್ತ್‌ನಲ್ಲಿದ್ದವರು 681 ಜನ. ಕ್ಯಾಪ್ಟನ್ ಹೆಕ್ಟರ್ ವಾಲರ್ ಸೇರಿ 353 ಮಂದಿ ಆ ರಾತ್ರಿಯೇ ಸತ್ತರು. ಈಜಿ ದಡ ಸೇರಿದವರು ಜಪಾನಿನ ಸೆರೆಯಾಳುಗಳಾದರು. ಬರ್ಮಾ-ಥಾಯ್ ರೈಲು ಹಳಿ ಹಾಕುವ ಕೆಲಸಕ್ಕೆ ಹೋದವರು ಅವರಲ್ಲಿ ಬಹಳ. ಯುದ್ಧ ಮುಗಿದ ಮೇಲೆ ಮನೆಗೆ ಬಂದದ್ದು 218 ಜನ. ಸತ್ತವರಲ್ಲಿ ಹೆಚ್ಚಿನವರಿಗೆ ಹೂಳಿದ ಜಾಗ ಅಂತ ಭೂಮಿಯ ಮೇಲೆ ಎಲ್ಲೂ ಇಲ್ಲ. ಅವರ ಮನೆಯವರ ಪಾಲಿಗೆ ಆ ಹಡಗೇ ಸಮಾಧಿ.

ಬಲ ಕೊಟ್ಟ ಲೋಹಕ್ಕೇ ಈಗ ಬೆಲೆ

ಯುದ್ಧನೌಕೆ ಬರಿಯ ಕಬ್ಬಿಣದ ಡಬ್ಬವಲ್ಲ. ಪರ್ತ್‌ಗೆ ವೇಗ ಕೊಟ್ಟ ನಾಲ್ಕು ಪ್ರೊಪೆಲ್ಲರ್‌ಗಳು ಕಂಚಿನ ಮಿಶ್ರಲೋಹದವು. ಟನ್‌ಗಟ್ಟಲೆ ತೂಕ. ಹಬೆ ತಣಿಸುವ ಕಂಡೆನ್ಸರ್‌ಗಳಲ್ಲಿ ತಾಮ್ರ ಬೆರೆತ ಕೊಳವೆಗಳು. ಉದ್ದಕ್ಕೂ ತಾಮ್ರದ ತಂತಿ, ಸೀಸ. 4 ಇಂಚಿನ ಫಿರಂಗಿಗಳ ಮದ್ದು ತುಂಬುವ ಕೊಳವೆಗಳು ಹಿತ್ತಾಳೆಯವು. 6 ಇಂಚಿನ ಷೆಲ್‌ನ ಸುತ್ತ ತಾಮ್ರದ ಪಟ್ಟಿ ಇರುತ್ತದೆ. ನಳಿಗೆಯೊಳಗಿನ ತಿರುಪು ಗೆರೆಗಳನ್ನು ಆ ಪಟ್ಟಿ ಕಚ್ಚಿಕೊಳ್ಳುವುದರಿಂದಲೇ ಷೆಲ್ ಗಿರಗಿರ ತಿರುಗುತ್ತಾ ನೇರ ಹಾರುತ್ತದೆ. ಹಡಗನ್ನು ಬಲಶಾಲಿ ಮಾಡಿದ ಈ ಒಂದೊಂದು ವಸ್ತುವೂ ಇವತ್ತು ಗುಜರಿ ಪೇಟೆಯಲ್ಲಿ ಒಳ್ಳೆಯ ದುಡ್ಡು ತರುತ್ತದೆ.

ಸ್ಫೋಟಕದ ಕಥೆ ಇನ್ನೂ ಕೆಟ್ಟದ್ದು. ಹಳೆಯ ಷೆಲ್‌ಗಳ ಒಳಗಿನ ಮದ್ದನ್ನು ತೆಗೆದು ಮೀನಿಗೆ ಬಾಂಬು ಹಾಕಲು ಮಾರುವ ದಂಧೆ ಆಗ್ನೇಯ ಏಷ್ಯಾದಲ್ಲಿದೆ. ಒಂದು ಬಾಂಬಿಗೆ ಮೀನು, ಮರಿ, ಹವಳ ಎಲ್ಲ ಒಟ್ಟಿಗೆ ನಾಶ. ಮದ್ದು ತೆಗೆಯುವವನ ಕೈಯಲ್ಲೇ ಅದು ಸಿಡಿಯುವ ಅಪಾಯ ಬೇರೆ.

ಇಂಥ ಸುದ್ದಿಗಳಲ್ಲಿ ಇನ್ನೊಂದು ಕಾರಣ ಪದೇ ಪದೇ ಕಾಣುತ್ತದೆ. 1945ಕ್ಕಿಂತ ಮೊದಲು ತಯಾರಾದ ಉಕ್ಕಿನಲ್ಲಿ ಅಣುಬಾಂಬಿನ ವಿಕಿರಣದ ಅಂಶ ಇರುವುದಿಲ್ಲ, ಸೂಕ್ಷ್ಮ ಉಪಕರಣಗಳಿಗೆ ಅಂಥ ಉಕ್ಕೇ ಬೇಕು, ಆದ್ದರಿಂದಲೇ ಈ ಕಳವು ಎಂಬ ವಾದ. ಅಂಥ ಉಕ್ಕಿಗೆ ಬೇಡಿಕೆ ಇದ್ದದ್ದು ನಿಜ. ಆದರೆ 1963ರ ಒಪ್ಪಂದದಿಂದ ವಾತಾವರಣದಲ್ಲಿ ಅಣುಪರೀಕ್ಷೆಗಳು ಕಡಿಮೆಯಾದ ಮೇಲೆ ಗಾಳಿಯಲ್ಲಿನ ವಿಕಿರಣವೂ ಇಳಿಯುತ್ತಾ ಬಂತು, ಬೇಡಿಕೆಯೂ ಇಳಿಯಿತು. ರೋಚಕವಾಗಿದೆ ಅಂತ ಸುಮ್ನೆ ಈ ವಿವರಣೆಯನ್ನು ನಂಬಬೇಕಾಗಿಲ್ಲ. ಕಳ್ಳರು ಮೊದಲು ಕೈ ಹಾಕುವುದು ಪ್ರೊಪೆಲ್ಲರ್‌ಗೆ. ಅವರ ಲೆಕ್ಕ ಏನು ಅನ್ನುವುದು ಅದರಿಂದಲೇ ತಿಳಿಯುತ್ತದೆ.

ಕದಿಯುವುದು ಹೇಗೆ

ಪರ್ತ್ ಬಿದ್ದಿರುವುದು ಸುಮಾರು 35 ಮೀಟರ್ ಆಳದಲ್ಲಿ. 1967ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಬರ್ಚೆಲ್ ಅಲ್ಲಿಗೆ ಮುಳುಗಿ ಹಡಗನ್ನು ಗುರುತಿಸಿದರು. ಅವರಿಗೆ ಒಂದು ಕಾಲು ಇರಲಿಲ್ಲ ಅನ್ನುವುದನ್ನು ನೆನೆದರೆ ಆ ಸಾಹಸ ಎಂಥದ್ದು ಅಂತ ಗೊತ್ತಾಗುತ್ತದೆ. ಅಷ್ಟು ಆಳಕ್ಕೆ ಸಾಮಾನ್ಯ ಡೈವಿಂಗ್ ಸಲಕರಣೆ ಸಾಕು. ಕ್ರೇನ್ ಇರುವ ಬಾರ್ಜ್‌ಗಂತೂ (ಚಪ್ಪಟೆ ತಳದ ಸರಕು ಹಡಗಿಗಂತೂ) ಅದು ಏನೇನೂ ಅಲ್ಲ.

ಕೆಲಸ ನಡೆಯುವುದು ಹೀಗೆ. ಮರಳು ತೆಗೆಯುವ ಅಥವಾ ಹಳೆ ಲೋಹ ಎತ್ತುವ ಪರವಾನಗಿ ಇದೆ ಎಂದು ಹೇಳಿಕೊಂಡು ಬಾರ್ಜ್ ಬಂದು ನಿಲ್ಲುತ್ತದೆ. ಸ್ಫೋಟಕದಿಂದ ಹಡಗನ್ನು ಸೀಳುತ್ತಾರೆ. ಆಮೇಲೆ ದೊಡ್ಡ ಕಬ್ಬಿಣದ ಪಂಜವನ್ನು ಇಳಿಸಿ ಸಿಕ್ಕಿದ್ದನ್ನೆಲ್ಲ ಕಿತ್ತು ಮೇಲೆ ತರುತ್ತಾರೆ. ಆ ಪಂಜಕ್ಕೆ ತಾಮ್ರ ಯಾವುದು, ಮೂಳೆ ಯಾವುದು ಅನ್ನುವ ಭೇದ ಇಲ್ಲ. ತುಂಡುಗಳು ದಡದ ಗುಜರಿ ಅಂಗಳ ಸೇರಿ ಬೇರೆ ಲೋಹದ ಜೊತೆ ಬೆರೆತರೆ ಮುಗಿಯಿತು, ಅದು ಎಲ್ಲಿಂದ ಬಂತು ಅಂತ ತೋರಿಸುವುದು ಬಹಳ ಕಷ್ಟ. ಹತ್ತಿರದಲ್ಲಿ ಹಾದುಹೋಗುವ ಮೀನುಗಾರನಿಗೂ ಇದು ಮಾಮೂಲಿ ಕಾಮಗಾರಿಯ ಹಾಗೆ ಕಾಣುತ್ತದೆ. ಹೀಗಾಗಿಯೇ ಹಾಡಹಗಲಲ್ಲೇ ಇದು ನಡೆಯಬಲ್ಲದು.

ಡಚ್ಚರಿಗೆ ಆದ ಆಘಾತ ಇನ್ನೂ ದೊಡ್ಡದು. 2016ರಲ್ಲಿ, 1942ರ ಆ ಕಾಳಗದ 75ನೇ ವರ್ಷದ ಸ್ಮರಣೆಗೆ ತಯಾರಿ ನಡೆದಿದ್ದಾಗ ಜಾವಾ ಸಮುದ್ರದ ತಳವನ್ನು ಅಳೆದು ನೋಡಿದರು. ಡೋರ್ಮನ್ ಅವರ ಡಿ ರೂಯ್ಟರ್ ಇರಲಿಲ್ಲ. ಜಾವಾ ಎಂಬ ಕ್ರೂಸರ್ ಕೂಡ ಇರಲಿಲ್ಲ. ಡೆಸ್ಟ್ರಾಯರ್ ಕೋರ್ಟೆನೇರ್‌ನ ದೊಡ್ಡ ಭಾಗ ಹೋಗಿತ್ತು. ಅವು ಬಿದ್ದಿದ್ದ ಜಾಗದಲ್ಲಿ ಮರಳಿನ ಮೇಲೆ ಹಡಗಿನ ಆಕಾರದ ಹಳ್ಳ ಮಾತ್ರ ಉಳಿದಿತ್ತು.

ಆಳವಿದ್ದರೆ ಕಾವಲು ಬೇಡ

ಆಸ್ಟ್ರೇಲಿಯಾ ಕಳೆದುಕೊಂಡ ಹಡಗುಗಳಿಗೆಲ್ಲ ಈ ಗತಿ ಬಂದಿಲ್ಲ. ಕಾರಣ ತುಂಬ ಸರಳ. ಎಚ್‌ಎಂಎಎಸ್ ಸಿಡ್ನಿಯನ್ನೇ ನೋಡಿ. 1941ರ ನವೆಂಬರ್ 19ರಂದು ಪಶ್ಚಿಮ ಆಸ್ಟ್ರೇಲಿಯಾದ ಆಚೆ ಅದು ಡಚ್ ವ್ಯಾಪಾರಿ ಹಡಗಿನ ವೇಷದಲ್ಲಿದ್ದ ಜರ್ಮನಿಯ ಯುದ್ಧನೌಕೆ ಕೊರ್ಮೊರಾನ್‌ಗೆ ತೀರ ಹತ್ತಿರ ಹೋಯಿತು. ಪರ್ತ್‌ನಲ್ಲಿದ್ದಂಥವೇ 6 ಇಂಚಿನ ಎಂಟು ಫಿರಂಗಿಗಳು ಸಿಡ್ನಿಯಲ್ಲೂ ಇದ್ದವು. ದೂರದಲ್ಲಿ ನಿಂತು ಹೊಡೆದಿದ್ದರೆ ಅದರ ಕೈ ಮೇಲಾಗುತ್ತಿತ್ತು. ಸುಮಾರು ಒಂದು ಕಿಲೋಮೀಟರ್ ಅಂತರದಲ್ಲಿ ಕೊರ್ಮೊರಾನ್ ಮರೆಯಲ್ಲಿಟ್ಟಿದ್ದ ಫಿರಂಗಿಗಳನ್ನು ತೆರೆದಾಗ ಆ ಅನುಕೂಲವೆಲ್ಲ ಹೋಯಿತು. ಎರಡೂ ಹಡಗುಗಳು ಮುಳುಗಿದವು. ಜರ್ಮನ್ನರಲ್ಲಿ 300ಕ್ಕೂ ಹೆಚ್ಚು ಜನ ಬದುಕಿದರು. ಸಿಡ್ನಿಯಲ್ಲಿದ್ದ 645 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಸಿಡ್ನಿ ಪತ್ತೆಯಾಗಿದ್ದು 66 ವರ್ಷಗಳ ಮೇಲೆ, 2008ರ ಮಾರ್ಚ್‌ನಲ್ಲಿ. ಸುಮಾರು 2,470 ಮೀಟರ್ ಆಳ. ಗುಜರಿ ಬಾರ್ಜ್‌ನ ಪಂಜ ಅಲ್ಲಿಗೆ ತಲುಪುವುದಿಲ್ಲ. ಇನ್ನೊಂದು ಉದಾಹರಣೆ ಸಬ್‌ಮರೀನ್ ಎಇ1. 1914ರ ಸೆಪ್ಟೆಂಬರ್‌ನಲ್ಲಿ 35 ಜನರೊಂದಿಗೆ ಕಾಣೆಯಾದ ಅದು 2017ರ ಡಿಸೆಂಬರ್‌ನಲ್ಲಿ ಪಪುವಾ ನ್ಯೂಗಿನಿಯ ಡ್ಯೂಕ್ ಆಫ್ ಯಾರ್ಕ್ ದ್ವೀಪಗಳ ಬಳಿ ಸಿಕ್ಕಿತು. ಅದರ ನಿಖರ ಜಾಗವನ್ನು ಬಹಿರಂಗ ಮಾಡಿಲ್ಲ. ಆಳ ಒಂದು ಕಾವಲು, ಗುಟ್ಟು ಇನ್ನೊಂದು. ಪರ್ತ್‌ಗೆ ಈ ಎರಡೂ ಇರಲಿಲ್ಲ. ದಡಕ್ಕೆ ಹತ್ತಿರ, ಆಳ ಕಡಿಮೆ, ಜಾಗ ಎಲ್ಲರಿಗೂ ಗೊತ್ತು.

ಹಡಗು ಯಾರದು, ಕಡಲು ಯಾರದು

ಗೊಂದಲ ಜಾಸ್ತಿ ಇರುವುದು ಇಲ್ಲಿಯೇ. ಯುದ್ಧನೌಕೆ ಮುಳುಗಿದರೂ ಅದರ ಒಡೆತನ ಮುಳುಗುವುದಿಲ್ಲ ಎಂಬುದು ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕದಂಥ ದೇಶಗಳ ನಿಲುವು. ಬಿಟ್ಟುಕೊಟ್ಟಿದ್ದೇವೆ ಎಂದು ಆ ದೇಶವೇ ಹೇಳುವ ತನಕ ಬೇರೆಯವರು ಮುಟ್ಟುವಂತಿಲ್ಲ. ಅಮೆರಿಕ ಇದಕ್ಕೆಂದೇ 2004ರಲ್ಲಿ ಕಾನೂನು ಮಾಡಿತು. ಬ್ರಿಟನ್ನಿನಲ್ಲಿ 1986ರ ಕಾನೂನಿದೆ. ಆಸ್ಟ್ರೇಲಿಯಾ ತನ್ನ 1976ರ ಕಾನೂನಿನ ಬದಲು 2018ರಲ್ಲಿ ಹೊಸದನ್ನು ತಂದಿತು. ಆಸ್ಟ್ರೇಲಿಯಾದ ನೀರಿನಲ್ಲಿ 75 ವರ್ಷ ದಾಟಿದ ಯಾವುದೇ ಹಡಗಿಗೆ ಅದರಿಂದ ತಾನಾಗಿಯೇ ರಕ್ಷಣೆ ಸಿಗುತ್ತದೆ.

ಆದರೆ ಪರ್ತ್ ಇರುವುದು ಇಂಡೋನೇಷ್ಯಾದ ನೀರಿನಲ್ಲಿ. ಅಲ್ಲಿ ಗಸ್ತು ತಿರುಗುವ, ಹಿಡಿಯುವ, ಮೊಕದ್ದಮೆ ಹಾಕುವ ಅಧಿಕಾರ ಇಂಡೋನೇಷ್ಯಾದ್ದು ಮಾತ್ರ. ಒಡೆಯನಿಗೆ ಕಾಯುವ ಅಧಿಕಾರವಿಲ್ಲ, ಅಧಿಕಾರ ಇರುವವನಿಗೆ ಆ ವಸ್ತು ತನ್ನದಲ್ಲ. ಈ ಎರಡರ ನಡುವಿನ ಸಂದಿಯಲ್ಲೇ ಗುಜರಿ ಬಾರ್ಜ್ ಬಂದು ನಿಂತದ್ದು.

ಹಾಗಾದರೆ ಅಂತರರಾಷ್ಟ್ರೀಯ ಒಪ್ಪಂದ ಇಲ್ವಾ? ಇದೆ. ನೀರಿನಡಿಯ ಪರಂಪರೆಯನ್ನು ಉಳಿಸಲು ಯುನೆಸ್ಕೊ 2001ರಲ್ಲಿ ಒಂದು ಒಪ್ಪಂದ ಮಾಡಿತು, 2009ರಲ್ಲಿ ಜಾರಿಗೆ ಬಂತು. ಆದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ನೀರಿನಲ್ಲಿ ಕನಿಷ್ಠ 100 ವರ್ಷ ಕಳೆದ ವಸ್ತುಗಳನ್ನು. ಮೊದಲ ಮಹಾಯುದ್ಧದ ಹಡಗುಗಳು 2014ರಿಂದ ಆ ವಯಸ್ಸು ಮುಟ್ಟಿದವು. ಪರ್ತ್ ಮುಟ್ಟುವುದು 2042ಕ್ಕೆ. ಈಗಾಗಲೇ ಅರ್ಧಕ್ಕಿಂತ ಹೆಚ್ಚು ಹೋಗಿರುವ ಹಡಗಿಗೆ ಅಷ್ಟು ವರ್ಷ ಕಾಯುವ ಸಮಯ ಇಲ್ಲ.

ಇಂಡೋನೇಷ್ಯಾದ ಕಡೆಯಿಂದ ನೋಡಿದರೆ

2016ರಲ್ಲಿ ಡಚ್ ಹಡಗುಗಳ ಸುದ್ದಿ ಬಂದಾಗ ಇಂಡೋನೇಷ್ಯಾದ ಪುರಾತತ್ವ ಅಧಿಕಾರಿಯೊಬ್ಬರು, ಕಾಯಿರಿ ಎಂದು ಡಚ್ ಸರ್ಕಾರ ನಮ್ಮನ್ನು ಕೇಳಿಯೇ ಇರಲಿಲ್ಲ, ಹಾಗಾಗಿ ನಮ್ಮನ್ನು ದೂರುವುದು ಸರಿಯಲ್ಲ ಎಂಬ ಅರ್ಥದ ಮಾತು ಹೇಳಿದರು. ಯೂರೋಪಿನಲ್ಲಿ ಇದಕ್ಕೆ ಸಿಟ್ಟು ಬಂತು. ಆದರೆ ಮಾತನ್ನು ತಳ್ಳಿಹಾಕುವ ಮೊದಲು ಸ್ವಲ್ಪ ಯೋಚಿಸಬೇಕು. 17,000ಕ್ಕೂ ಹೆಚ್ಚು ದ್ವೀಪಗಳಿರುವ ದೇಶ ಅದು. ಅಕ್ರಮ ಮೀನುಗಾರಿಕೆ, ಕಳ್ಳಸಾಗಣೆ, ಕಡಲ್ಗಳ್ಳತನ ಎಲ್ಲವನ್ನೂ ಅದೇ ಗಸ್ತು ದೋಣಿಗಳೇ ನೋಡಿಕೊಳ್ಳಬೇಕು. ಮೇಲಾಗಿ 1942ರ ಆ ಕಾಳಗ ನಡೆದದ್ದು ಡಚ್ ವಸಾಹತನ್ನು ಉಳಿಸಿಕೊಳ್ಳಲು. ಅದೇ ಡಚ್ಚರಿಂದ ಬಿಡುಗಡೆ ಪಡೆಯಲು ಇಂಡೋನೇಷ್ಯಾದ ಜನ ಮೂರೇ ವರ್ಷಗಳ ನಂತರ ಹೋರಾಟಕ್ಕಿಳಿದರು. ಆ ಹಡಗುಗಳು ನಮ್ಮ ವೀರರ ಸಮಾಧಿ ಎಂದು ಬಾಂಟೆನ್‌ನ ಮೀನುಗಾರನಿಗೆ ತಾನಾಗಿ ಅನ್ನಿಸಬೇಕು ಎಂದರೆ ಅದು ನ್ಯಾಯವಲ್ಲ, ಅಲ್ವಾ?

ಇಂಡೋನೇಷ್ಯಾದ 2010ರ ಪರಂಪರೆ ಕಾನೂನು 50 ವರ್ಷ ದಾಟಿದ ವಸ್ತುಗಳನ್ನೂ ಪರಿಗಣಿಸುತ್ತದೆ. ಅಂದರೆ ಯುನೆಸ್ಕೊ ಒಪ್ಪಂದಕ್ಕಿಂತ ಈ ವಿಷಯದಲ್ಲಿ ಅದು ಉದಾರ. 2018ರಲ್ಲಿ ಪರ್ತ್ ಇರುವ ಜಾಗವನ್ನು ಕಡಲ ಸಂರಕ್ಷಣಾ ವಲಯ ಎಂದು ಘೋಷಿಸಿದರು. ಇದರಿಂದ ಏನು ಬದಲಾಗುತ್ತದೆ? ಮೊದಲು ಕಳವು ನಡೆದಿದೆ ಎಂದು ತೋರಿಸಬೇಕಿತ್ತು. ನೀರಿನಡಿಯ ಕಳವಿಗೆ ಸಾಕ್ಷಿ ಹೇಳುವವರು ಯಾರು? ಗಡಿ ಗುರುತಿಸಿದ ವಲಯವಿದ್ದರೆ, ಅಲ್ಲಿ ಕ್ರೇನ್ ಬಾರ್ಜ್ ಬಂದು ನಿಂತದ್ದೇ ಪ್ರಶ್ನೆ ಕೇಳಲು ಸಾಕು. ಕೆಲಸ ಸುಲಭವಾಗುತ್ತದೆ. ಕೇಳುವವರು ಅಲ್ಲಿರಬೇಕು, ಅಷ್ಟೇ.

ಗುಜರಿ ಅನ್ನಿಸಿದ್ದ ಕಾಲ

ಮುಳುಗಿದ ಯುದ್ಧನೌಕೆಯನ್ನು ಪವಿತ್ರ ಎಂದು ನೋಡುವುದು ತೀರ ಹಳೆಯ ರೂಢಿಯೇನಲ್ಲ. ನಮ್ಮ ಕಡೆಗೂ ಸಂಬಂಧವಿರುವ ಒಂದು ಹಡಗು ಇದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ತೈಲ ಟ್ಯಾಂಕ್‌ಗಳ ಮೇಲೆ ಷೆಲ್ ಸುರಿಸಿದ ಜರ್ಮನ್ ಕ್ರೂಸರ್ ಎಮ್ಡನ್. ಅದೇ ವರ್ಷ ನವೆಂಬರ್ 9ರಂದು ಕೋಕೊಸ್ ದ್ವೀಪಗಳ ಬಳಿ ಸಿಡ್ನಿ ಎಂಬ ಹೆಸರಿನ ಮೊದಲ ಆಸ್ಟ್ರೇಲಿಯನ್ ಕ್ರೂಸರ್ ಅದನ್ನು ಹೊಡೆದು ಹಾಕಿತು. 100ಕ್ಕೂ ಹೆಚ್ಚು ಜರ್ಮನ್ ನಾವಿಕರು ಸತ್ತರು. ಎಮ್ಡನ್‌ನ ಒಂದು ಫಿರಂಗಿಯನ್ನು ಸಿಡ್ನಿ ನಗರದ ಹೈಡ್ ಪಾರ್ಕ್‌ನಲ್ಲಿ ಸ್ಮಾರಕವಾಗಿ ಇಟ್ಟರು, ಇಂದಿಗೂ ಇದೆ. ಹಡಗಿನ ಉಳಿದ ಭಾಗವನ್ನು 1950ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಒಡೆದು ಗುಜರಿಗೆ ಒಯ್ದಿತು. ಈಗ ಉಳಿದಿರುವ ಅದರ ಚೂರುಗಳಿಗೆ ಆಸ್ಟ್ರೇಲಿಯಾದ ಕಾನೂನಿನ ರಕ್ಷಣೆ ಇದೆ. ಒಂದೇ ಹಡಗು, ಕೆಲವೇ ದಶಕಗಳಲ್ಲಿ ನೋಟ ಪೂರ್ತಿ ಬದಲಾಯಿತು. ಈ ಬದಲಾವಣೆ ಎಲ್ಲ ದೇಶಗಳಲ್ಲೂ ಒಂದೇ ವೇಗದಲ್ಲಿ ಆಗಿಲ್ಲ ಅನ್ನುವುದನ್ನು ಒಪ್ಪಿಕೊಂಡರೆ ಮಾತುಕತೆ ಸುಲಭ.

ಮೇಲೆತ್ತಬೇಕೇ, ಬಿಡಬೇಕೇ

ಹೇಗೂ ಕಳುವಾಗುತ್ತದೆ, ಹಾಗಿರುವಾಗ ಫಿರಂಗಿ, ಪ್ರೊಪೆಲ್ಲರ್‌ಗಳನ್ನು ನಾವೇ ತಂದು ಮ್ಯೂಸಿಯಂನಲ್ಲಿ ಇಡೋಣ ಎನ್ನುವವರಿದ್ದಾರೆ. ಸಮಾಧಿಯನ್ನು ಅಗೆಯುವುದು ಬೇಡ, ಇದ್ದಲ್ಲೇ ಕಾಯೋಣ ಎನ್ನುವವರು ಹೆಚ್ಚು. ಎರಡನೆಯವರ ವಾದವೇ ಗಟ್ಟಿ. ಬೆಲೆಬಾಳುವ ಲೋಹ ತೆಗೆಯಲು ಹಡಗಿನ ಹೊಟ್ಟೆ ಸೀಳಬೇಕಾಗುತ್ತದೆ. ಕಳ್ಳ ಸೀಳಿದರೂ ಸರ್ಕಾರ ಸೀಳಿದರೂ ಒಳಗಿರುವವರಿಗೆ ಆಗುವುದು ಒಂದೇ.

ಒಳಗಿರುವ ಅವಶೇಷಗಳಿಗೆ ಅಷ್ಟು ಮಹತ್ವ ಯಾಕೆ ಎಂದು ಕೇಳುವವರು 1941ರಲ್ಲಿ ಮುಳುಗಿದ ಸಿಡ್ನಿ ಹಡಗಿನ ಒಬ್ಬ ನಾವಿಕನ ವಿಷಯ ತಿಳಿಯಬೇಕು. 1942ರ ಫೆಬ್ರುವರಿಯಲ್ಲಿ ಒಂದು ತೆಪ್ಪ ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪಕ್ಕೆ ತೇಲಿ ಬಂತು. ಅದರಲ್ಲಿದ್ದ ಶವವನ್ನು ಗುರುತಿಲ್ಲದೆ ಹೂಳಿದರು. 2006ರಲ್ಲಿ ಅದನ್ನು ಹೊರತೆಗೆದರು. ಡಿಎನ್‌ಎ ಹೋಲಿಸಿ ನೋಡುವ ಕೆಲಸ ವರ್ಷಗಟ್ಟಲೆ ನಡೆಯಿತು. 2021ರ ನವೆಂಬರ್‌ನಲ್ಲಿ ಹೆಸರು ಸಿಕ್ಕಿತು: ಥಾಮಸ್ ವೆಲ್ಸ್‌ಬಿ ಕ್ಲಾರ್ಕ್. ಸಿಡ್ನಿಯ 645 ಜನರಲ್ಲಿ ಹೀಗೆ ಅವಶೇಷ ಸಿಕ್ಕಿ ಹೆಸರು ಮರಳಿ ಪಡೆದವರು ಇವರೊಬ್ಬರೇ. ಮೂಳೆ ಒಂದು ಕಡೆ ಉಳಿದರೆ ಎಂಟು ದಶಕಗಳ ಮೇಲೂ ಇದು ಆಗುತ್ತದೆ. ಪಂಜದ ಬಾಯಿಗೆ ಸಿಕ್ಕಿ ಲೋಹದ ಜೊತೆ ದಡಕ್ಕೆ ಹೋದ ಮೂಳೆಗೆ ಆ ಅವಕಾಶವೇ ಇರುವುದಿಲ್ಲ.

ಹಡಗನ್ನು ಒಡೆಯದೆಯೂ ಮಾಡಬಹುದಾದ ಕೆಲಸಗಳಿವೆ. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ 1939ರಲ್ಲಿ ಮುಳುಗಿದ ಬ್ರಿಟಿಷ್ ಯುದ್ಧನೌಕೆ ರಾಯಲ್ ಓಕ್ 800ಕ್ಕೂ ಹೆಚ್ಚು ಜನರ ಸಮಾಧಿ. ಅದರ ಎಣ್ಣೆ ಸೋರತೊಡಗಿದಾಗ ಬ್ರಿಟನ್ ಬಹಳ ಜಾಗರೂಕತೆಯಿಂದ ಎಣ್ಣೆ ಹೀರಿ ತೆಗೆಯಿತು. ನೌಕಾಪಡೆಯ ಡೈವರ್‌ಗಳು ಪ್ರತಿ ವರ್ಷ ಅಲ್ಲಿಗೆ ಇಳಿದು ಹಡಗಿನ ಬಾವುಟ ಬದಲಿಸುತ್ತಾರೆ. ವರ್ಷಕ್ಕೊಮ್ಮೆ ಯಾರೋ ಬಂದು ನೋಡುವ ಜಾಗಕ್ಕೆ ಕಳ್ಳ ಬರಲು ಹೆದರುತ್ತಾನೆ.

ಮುಂದೇನು

ಆಸ್ಟ್ರೇಲಿಯಾ ತನ್ನ ಕಾನೂನನ್ನು ಎಷ್ಟು ಬಿಗಿ ಮಾಡಿದರೂ ಬಾಂಟೆನ್‌ನಲ್ಲಿ ಅದರಿಂದ ಏನೂ ಆಗುವುದಿಲ್ಲ. ಅಲ್ಲಿ ಕಣ್ಣಿಡುವವರು ಅಲ್ಲಿಯ ಜನರೇ ಆಗಬೇಕು. ಮುಳುಗಿದ ಹಡಗಿನ ಸುತ್ತ ಮೀನು ಸೇರುತ್ತದೆ, ಹವಳ ಬೆಳೆಯುತ್ತದೆ. ಹಡಗು ಹೋದರೆ ಮೀನೂ ಹೋಗುತ್ತದೆ. ಇದು ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ನೆನಪಿನ ಕಾರ್ಯಕ್ರಮಗಳಿಗೆ ಆಸ್ಟ್ರೇಲಿಯಾ ಸರ್ಕಾರ ಮಾಡುವ ಖರ್ಚಿನಲ್ಲಿ ಒಂದು ಪಾಲು ಬಾಂಟೆನ್‌ನ ಹಳ್ಳಿಗಳಿಗೆ, ಅಲ್ಲಿಯ ಗಸ್ತಿಗೆ, ಇಂಡೋನೇಷ್ಯಾದ ಪುರಾತತ್ವ ತಜ್ಞರ ಕೆಲಸಕ್ಕೆ ಹೋದರೆ ಉಳಿದಿರುವ ಭಾಗ ಉಳಿಯಬಹುದು. ಹಾಗಾಗದಿದ್ದರೆ ಏನಾಗುತ್ತದೆ ಎಂಬುದನ್ನು ಡಿ ರೂಯ್ಟರ್ ಇದ್ದ ಹಳ್ಳ ತೋರಿಸಿಕೊಟ್ಟಿದೆ.

ಎರಡನೆಯ ದಾರಿ ದಡದಲ್ಲಿದೆ. ಕಡಲೆಲ್ಲ ಕಾಯುವುದಕ್ಕಿಂತ ಗುಜರಿ ಅಂಗಳ ಕಾಯುವುದು ಅಗ್ಗ. ಕದ್ದ ಲೋಹ ಎಲ್ಲೋ ಒಂದು ಕಡೆ ಇಳಿಯಲೇಬೇಕು, ತೂಕವಾಗಲೇಬೇಕು, ಯಾರೋ ದುಡ್ಡು ಕೊಟ್ಟು ಕೊಳ್ಳಲೇಬೇಕು. ಜೊಹೊರ್ ಪ್ರಕರಣದಲ್ಲಿ ಚುವಾನ್ ಹಾಂಗ್ 68ರ ಮೇಲಿದ್ದ ಷೆಲ್‌ಗೂ ಅಂಗಳದಲ್ಲಿ ಸಿಕ್ಕ ಷೆಲ್‌ಗೂ ನಂಟಿದೆಯೇ ಎಂದು ಮಲೇಷ್ಯಾ ಹುಡುಕಲು ಹೊರಟಿದ್ದು ಸರಿಯಾದ ದಾರಿ. ಇನ್ನೊಂದು ಬಾರ್ಜ್ ಸಿಕ್ಕಿಬಿದ್ದ ಸುದ್ದಿ ಬಂದಾಗ ಹಡಗಿನ ಸಿಬ್ಬಂದಿ ಎಷ್ಟು ಜನ ಅನ್ನುವುದಕ್ಕಿಂತ ಮೂರು ವಿಷಯ ಹುಡುಕಿ ಓದಿ: ಅದಕ್ಕೆ ಪರವಾನಗಿ ಕೊಟ್ಟವರು ಯಾರು, ಸರಕು ಕೊಳ್ಳಬೇಕಾಗಿದ್ದವರು ಯಾರು, ಅವರ ಮೇಲೆ ಕೇಸು ಆಯಿತೇ.